ಗಾಜಿನ ಮೇಲೆ ಇಎಲ್ ಫಲಕ: ಹನ್ನೆರಡನೆಯದು ಉಳಿಯಿತು

ಇಎಲ್ (ಎಲೆಕ್ಟ್ರೋಲ್ಯೂಮಿನೆಸೆಂಟ್) ಫಲಕ ಅಂದರೆ ಎರಡು ವಾಹಕ ಪದರಗಳ ನಡುವೆ ಹೊಳೆಯುವ ಪುಡಿ ಬಳಿದು, ಎಸಿ ವಿದ್ಯುತ್ ಕೊಟ್ಟಾಗ ಬೆಳಗುವ ತೆಳು ದೀಪ. ಕೈಯಲ್ಲಿ ಬಳಿದ ಪದರ ಒಂದು ಗಂಟೆಯೂ ಬಾಳುವುದಿಲ್ಲ ಎಂದವರೇ ಹೆಚ್ಚು. ನನ್ನ ಹತ್ತು ಸೆಂ.ಮೀ. ಚೌಕದ ಗಾಜಿನ ಫಲಕ ಹತ್ತಿರ ಹತ್ತಿರ 600 ಗಂಟೆ ಉರಿದಿದೆ. ಅಂಚು ತುಸು ಮಂಕಾಗಿದೆ, ಅಷ್ಟೇ.

ಮೊದಲ ಹನ್ನೊಂದು ಸುಟ್ಟವು. ಎಲ್ಲದಕ್ಕೂ ಕಾರಣ ಬೇರಿಯಂ ಟೈಟನೇಟಿನ ನಿರೋಧಕ ಪದರದ ಸೂಜಿಮೊನೆಯಷ್ಟು ತೂತು. 150 ವೋಲ್ಟ್ ದಾಟುತ್ತಿದ್ದಂತೆ ‘ಚಿಟ್’ ಅಂತ ಸದ್ದು, ಹಸಿರು ಬೆಳಕಿನ ನಡುವೆ ಕಪ್ಪು ಚುಕ್ಕೆ, ಅದರ ಸುತ್ತ ಐಟಿಒ (ಗಾಜಿನ ಮೇಲಿನ ಪಾರದರ್ಶಕ ವಾಹಕ ಲೇಪ) ಸುಟ್ಟ ಉಂಗುರ. ಪದರ ದಪ್ಪ ಮಾಡಿದೆ. ತೂತು ಮುಚ್ಚಿತು, ಬೆಳಕೂ ಅರ್ಧಕ್ಕಿಳಿಯಿತು. ಕೊನೆಗೆ ಕೈಹಿಡಿದದ್ದು ಎರಡು ತೆಳು ಪದರ: ಒಂದನ್ನು ಪೂರ್ತಿ ಒಣಗಿಸಿ, ಇನ್ನೊಂದನ್ನು ಅದಕ್ಕೆ ಅಡ್ಡಲಾಗಿ ಎಳೆಯುವುದು. ತೂತಿನ ಮೇಲೇ ತೂತು ಬೀಳುವುದು ಅಪರೂಪ. ಪುಡಿಯನ್ನು ಹಿಡಿದಿಡುವ ಬೈಂಡರನ್ನು ಯಾವುದರಿಂದ, ಎಷ್ಟು ತೆಳು ಮಾಡಿದೆ ಅನ್ನುವುದನ್ನು ಸದ್ಯಕ್ಕೆ ಹೇಳಲಾರೆ, ಅದಕ್ಕೇ ಮೂರು ತಿಂಗಳು ಹೋಗಿದೆ.

ದುಡ್ಡು ತಿಂದದ್ದು ಗಾಜು. ಒಟ್ಟು ಖರ್ಚಿನ ಮುಕ್ಕಾಲು ಪಾಲು ಐಟಿಒ ಗಾಜಿಗೇ ಹೋಯಿತು. ಕೆಟ್ಟ ಫಲಕಗಳನ್ನು ದ್ರಾವಕದಲ್ಲಿ ನೆನೆಸಿ, ಕೆರೆದು ಮತ್ತೆ ಬಳಸಲು ನೋಡಿದೆ. ಸುಟ್ಟ ಜಾಗದಲ್ಲಿ ಮೀಟರ್ ಮುಳ್ಳು ಅಲ್ಲಾಡಲಿಲ್ಲ. ಕಾದ ಗಾಜಿಗೆ ಸ್ಟ್ಯಾನಸ್ ಕ್ಲೋರೈಡ್ ಸಿಂಪಡಿಸಿ ನಾನೇ ವಾಹಕ ಗಾಜು ಮಾಡಲೂ ಹೊರಟೆ. ಆರು ಸೀಳಿದವು, ಎರಡು ಹಾಲಿನಂತೆ ಬೆಳ್ಳಗಾದವು, ಆಮ್ಲದ ಹೊಗೆಗೆ ಗಂಟಲು ಉರಿಯಿತು. ಅದನ್ನು ಬಿಟ್ಟೆ.

ನಡುವೆ ಒಂದು ರಾತ್ರಿ ಹಳೆಯ ಪ್ರಯೋಗವೊಂದು ನೆನಪಾಯಿತು. 1936ರಲ್ಲಿ ಫ್ರಾನ್ಸಿನ ವಿಜ್ಞಾನಿ ಜಾರ್ಜ್ ಡೆಸ್ಟ್ರಿಯೊ ಹರಳೆಣ್ಣೆಯಲ್ಲಿ ಸತುವಿನ ಸಲ್ಫೈಡ್ ಕಲಸಿ ಬೆಳಕು ಕಂಡದ್ದು. ನಾನೂ ತಾಮ್ರ ಬೆರೆತ ಪುಡಿಯನ್ನು ಹರಳೆಣ್ಣೆಯಲ್ಲಿ ಕಲಸಿ, ಗಾಜಿಗೂ ತಾಮ್ರದ ತಗಡಿಗೂ ನಡುವೆ ಅಭ್ರಕದ ಹಾಳೆ ಇಟ್ಟು ಒತ್ತಿದೆ. ಬೆಳಗಿತು! ಬೆರಳಲ್ಲಿ ಗಾಜನ್ನು ಅದುಮಿದರೆ ಬೆಳಕು ಅಲೆಯಂತೆ ಸರಿಯುತ್ತಿತ್ತು. ಆ ಸುಖಕ್ಕೆ ಎರಡು ವಾರ ಮುಖ್ಯ ಕೆಲಸ ಮರೆತೆ.

ಹತ್ತು ಸೆಂ.ಮೀ. ಫಲಕದ ಧಾರಕತೆ (ವಿದ್ಯುದಾವೇಶ ಹಿಡಿದಿಡುವ ಸಾಮರ್ಥ್ಯ) 45 ನ್ಯಾನೋಫ್ಯಾರಡ್ ಆಸುಪಾಸು; ಫಲಕ ದೊಡ್ಡದಾದಷ್ಟೂ ಅದು ಏರುತ್ತದೆ. ಗಾತ್ರ ದುಪ್ಪಟ್ಟು ಮಾಡಿದಾಗ ಫಲಕಕ್ಕೆ ಎಸಿ ಕೊಡುವ ಚಿಕ್ಕ ಇನ್ವರ್ಟರ್ ಎಳೆಯಲಾರದೆ ಕೂತುಬಿಟ್ಟಿತು. ಈಗ 400 ಹರ್ಟ್ಸ್‌ನಲ್ಲೇ ಓಡಿಸುತ್ತೇನೆ. 2000ಕ್ಕೆ ಏರಿಸಿದರೆ ಹಸಿರು ನೀಲಿಗೆ ತಿರುಗುತ್ತದೆ, ಕಣ್ಣಿಗೆ ಹಬ್ಬ, ಆದರೆ ಪುಡಿ ಬೇಗ ಸೋಲುತ್ತದೆ.

ಇನ್ನುಳಿದ ಶತ್ರು ತೇವ. ಹಿಂಬದಿಯ ವಾಹಕವಾಗಿ ಬಳಿದ ಬೆಳ್ಳಿ ಶಾಯಿ ಒಣಗಿದ ಮೇಲೆ ರಾತ್ರಿಯಿಡೀ 100 ಡಿಗ್ರಿಯಲ್ಲಿಟ್ಟು, ಬಿಸಿಯಾರುವ ಮೊದಲೇ ಹಿಂದೆ ಇನ್ನೊಂದು ಗಾಜು ಕೂರಿಸಿ ಅಂಚಿಗೆ ಎಪಾಕ್ಸಿ ಹಚ್ಚಿದೆ. ತಂತಿ ಹೊರಬರುವ ಮೂಲೆಯಲ್ಲಿ ಎರಡು ಸಲ ಹಚ್ಚಿ. ನನ್ನ ಫಲಕ ಮಂಕಾಗಲು ಶುರುವಾದದ್ದೂ ಅಲ್ಲಿಂದಲೇ.