ಸಿಡಿ4 ಏರುವವರೆಗೆ ಕಾಯುವ ಗುಳಿಗೆಗಳು

ಎಚ್‌ಐವಿಗೆ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರದಿಂದ ತಂದ ಚೀಲವನ್ನು ಮನೆಯಲ್ಲಿ ಬಿಚ್ಚಿದರೆ ಔಷಧದ ಡಬ್ಬಿಯ ಜತೆಗೆ ಒಂದೆರಡು ಬಿಡಿ ಗುಳಿಗೆ ಹಾಳೆಗಳೂ ಇರುತ್ತವೆ. ಡಬ್ಬಿಯದು ಎಚ್‌ಐವಿಯನ್ನು ಅದುಮಿಡುವ ಮುಖ್ಯ ಔಷಧ. ಬಿಡಿ ಹಾಳೆಯವನ್ನು ಶಕ್ತಿ ಗುಳಿಗೆ ಎಂದುಕೊಂಡು, ಮೈ ಹಗುರಾದ ಕೂಡಲೇ ಬಿಟ್ಟುಬಿಡುವವರಿದ್ದಾರೆ. ದಯವಿಟ್ಟು ಬಿಡಬೇಡಿ. ರೋಗನಿರೋಧಕ ಶಕ್ತಿ ಕುಂದಿದಾಗ ಮೇಲೆರಗುವ ಅವಕಾಶವಾದಿ ಸೋಂಕುಗಳನ್ನು ತಡೆಯುವುದು ಅವೇ.

ಮೊದಲು ನಿಮ್ಮ ಸಿಡಿ4 ಸಂಖ್ಯೆ, ಅಂದರೆ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ರೋಗದೊಡನೆ ಹೋರಾಡುವ ಸಿಡಿ4 ಬಿಳಿ ರಕ್ತಕಣಗಳು ಎಷ್ಟಿವೆ ಎಂಬುದನ್ನು ತಿಳಿದುಕೊಳ್ಳಿ. ಆರೋಗ್ಯವಂತರಲ್ಲಿ ಇದು ಸುಮಾರು 500ರಿಂದ 1500 ಇರುತ್ತದೆ. 200ಕ್ಕಿಂತ ಇಳಿದರೆ ಶಿಲೀಂಧ್ರದಿಂದ ಬರುವ ಒಂದು ಬಗೆಯ ನ್ಯುಮೋನಿಯಾ, 100ಕ್ಕಿಂತ ಇಳಿದರೆ ಮಿದುಳಿನ ಸೋಂಕುಗಳ ಭಯ ಹೆಚ್ಚು. ಕ್ಷಯ ಮಾತ್ರ ಸಿಡಿ4 ಎಷ್ಟಿದ್ದರೂ ಬರಬಹುದು. ಮುಖ್ಯ ಔಷಧ ಕೆಲವು ತಿಂಗಳಲ್ಲಿ ವೈರಸ್ಸನ್ನು ಹತೋಟಿಗೆ ತಂದರೂ ಸಿಡಿ4 ಏರಲು ಅದಕ್ಕಿಂತ ಹೆಚ್ಚು ಕಾಲ ಬೇಕು. ಆ ನಡುವಿನ ದಿನಗಳೇ ಅಪಾಯದವು.

ಎರಡನೆಯದು ಕೋಟ್ರೈಮಾಕ್ಸಜೋಲ್ ಎಂಬ ಸೋಂಕು ತಡೆಯುವ ಗುಳಿಗೆ. ಸಿಡಿ4 350ಕ್ಕಿಂತ ಕಡಿಮೆ ಇರುವವರಿಗೆ ಇದನ್ನು ಕೊಡುತ್ತಾರೆ. ಆ ನ್ಯುಮೋನಿಯಾವನ್ನೂ ಮಿದುಳಿಗೆ ತಗಲುವ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿಯ ಸೋಂಕನ್ನೂ ಇದು ತಡೆಯುತ್ತದೆ. ಆರು ತಿಂಗಳ ಅಂತರದ ಎರಡು ಪರೀಕ್ಷೆಗಳಲ್ಲಿ ಸಿಡಿ4 350 ದಾಟಿದ್ದನ್ನು ನೋಡಿ ವೈದ್ಯರೇ ನಿಲ್ಲಿಸುತ್ತಾರೆ. ಶುರು ಮಾಡಿದ ಮೊದಲ ವಾರಗಳಲ್ಲಿ ಮೈಮೇಲೆ ಗಂದೆ ಎದ್ದರೆ, ಬಾಯಲ್ಲಿ ಹುಣ್ಣಾದರೆ ಅಂದೇ ವೈದ್ಯರಿಗೆ ತೋರಿಸಿ.

ಮೂರನೆಯದು ಕ್ಷಯ, ಎಲ್ಲಕ್ಕಿಂತ ದೊಡ್ಡ ಶತ್ರು. ಕೇಂದ್ರಕ್ಕೆ ಹೋದಾಗಲೆಲ್ಲ ನಾಲ್ಕು ಪ್ರಶ್ನೆ ಕೇಳುತ್ತಾರೆ: ಕೆಮ್ಮು ಇದೆಯೇ, ಜ್ವರ ಇದೆಯೇ, ತೂಕ ಇಳಿದಿದೆಯೇ, ರಾತ್ರಿ ಹಾಸಿಗೆ ತೋಯುವಷ್ಟು ಬೆವರುತ್ತೀರಾ? ಕ್ಯೂ ಉದ್ದವಿದೆ, ಬಸ್ ತಪ್ಪುತ್ತದೆ ಎಂದು ಎಲ್ಲಕ್ಕೂ ‘ಇಲ್ಲ’ ಅನ್ನಬೇಡಿ. ನಾಲ್ಕೂ ನಿಜಕ್ಕೂ ಇಲ್ಲವಾದರೆ ಆರು ತಿಂಗಳು ದಿನಕ್ಕೊಂದು ಐಸೋನಿಯಾಜಿಡ್ ಗುಳಿಗೆ, ಕೈಕಾಲು ಜುಮುಗುಡದಂತೆ ಜತೆಗೊಂದು ಬಿ6 ವಿಟಮಿನ್ ಕೊಡುವುದು ಸಾಮಾನ್ಯ ಕ್ರಮ. ಒಂದಾದರೂ ಇದ್ದರೆ ಮೊದಲು ಕಫ ಪರೀಕ್ಷೆಯಾಗಬೇಕು. ಕ್ಷಯ ಒಳಗೇ ಇದ್ದು ಇದೊಂದೇ ಗುಳಿಗೆ ನುಂಗಿದರೆ ರೋಗಾಣು ಔಷಧಕ್ಕೆ ಬಗ್ಗದಂತಾಗುತ್ತದೆ. ಈ ಆರು ತಿಂಗಳು ಮದ್ಯ ಬೇಡವೇ ಬೇಡ, ಯಕೃತ್ತು ತಾಳುವುದಿಲ್ಲ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಗುಳಿಗೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಿ.

ಇನ್ನು ನೀರು. ಹುಬ್ಬಳ್ಳಿ-ಧಾರವಾಡದಲ್ಲಿ ಹಲವು ದಿನಗಳಿಗೊಮ್ಮೆ ನಳಕ್ಕೆ ನೀರು ಬರುವ ಓಣಿಗಳಿವೆ. ತುಂಬಿಟ್ಟ ಬ್ಯಾರೆಲ್‌ನಿಂದ ನೇರವಾಗಿ ಕುಡಿಯಬೇಡಿ. ಕ್ಲೋರಿನ್ ಹಾಕಿದ್ದರೂ ಭೇದಿ ತರುವ ಕ್ರಿಪ್ಟೊಸ್ಪೊರಿಡಿಯಂ ಎಂಬ ಜೀವಿ ಅದಕ್ಕೆ ಸಾಯುವುದಿಲ್ಲ, ಕುದಿಸಿದರೆ ಸಾಯುತ್ತದೆ. ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಇನ್ನೊಂದು ನಿಮಿಷ ಬಿಟ್ಟು ಇಳಿಸಿ, ಅದೇ ಪಾತ್ರೆಯಲ್ಲಿ ಮುಚ್ಚಿಡಿ, ಲೋಟ ಅದ್ದದೆ ಉದ್ದ ಹಿಡಿಕೆಯ ಸೌಟಿನಿಂದ ತೆಗೆಯಿರಿ. ರೊಟ್ಟಿಯ ಜತೆ ಹಸಿ ಮೆಂತ್ಯೆ, ಮೂಲಂಗಿ ತಪ್ಪಲು ತಿನ್ನುವುದು ನಮ್ಮ ಕಡೆಯ ರೂಢಿ. ಸಿಡಿ4 ಏರುವವರೆಗೆ ಅದನ್ನು ಪಲ್ಯ ಮಾಡಿಯೇ ಉಣ್ಣಿ. ಮಾಂಸ, ಮೊಟ್ಟೆ ಪೂರ್ತಿ ಬೇಯಲಿ.

ಆಮ್ಲಪಿತ್ತದ ಔಷಧವನ್ನು ಅಂಗಡಿಯಲ್ಲಿ ಕೇಳಿ ನುಂಗುವ ಮುನ್ನ ಕೇಂದ್ರದಲ್ಲಿ ವಿಚಾರಿಸಿ. ಕೆಲವು ಆಂಟಾಸಿಡ್‌ಗಳು ಮುಖ್ಯ ಔಷಧದಲ್ಲಿರುವ ಡೊಲುಟೆಗ್ರಾವಿರ್ ಮೈಗೆ ಹತ್ತದಂತೆ ಮಾಡುತ್ತವೆ.

ಗದಗ, ಹಾವೇರಿ ಕಡೆಯಿಂದ ಗೋವಾಕ್ಕೆ ದುಡಿಯಲು ಹೋಗುವವರು ಹೊರಡುವ ಮುಂಚೆ ಕೇಂದ್ರಕ್ಕೆ ತಿಳಿಸಿ, ಚಿಕಿತ್ಸೆಯ ವಿವರ ಬರೆದಿಡುವ ಹಸಿರು ಪುಸ್ತಕ ಒಯ್ಯಬೇಕು. ಅದನ್ನು ತೋರಿಸಿದರೆ ಅಲ್ಲಿಯ ಎಆರ್‌ಟಿ ಕೇಂದ್ರದಲ್ಲೂ ಔಷಧ ಸಿಗುತ್ತದೆ, ಹಣ ಕೊಡಬೇಕಿಲ್ಲ. ಯಾರಾದರೂ ಕಂಡಾರು ಎಂದು ಹೆದರಿ ತಿಂಗಳು ತಪ್ಪಿಸುವವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ನಿಮ್ಮ ಸ್ಥಿತಿಯನ್ನು ಒಪ್ಪಿಗೆಯಿಲ್ಲದೆ ಬಯಲು ಮಾಡುವಂತಿಲ್ಲ ಎಂದು 2017ರ ಎಚ್‌ಐವಿ ಕಾಯ್ದೆ ಹೇಳುತ್ತದೆ. ಸಂಶಯವಿದ್ದರೆ ಏಡ್ಸ್ ಸಹಾಯವಾಣಿ 1097ಕ್ಕೆ ಉಚಿತವಾಗಿ ಕರೆ ಮಾಡಿ.

ದಿನಗಟ್ಟಲೆ ಇಳಿಯದ ತಲೆನೋವನ್ನು ಪಿತ್ತದ್ದು ಎಂದು ತಳ್ಳಿಹಾಕಬೇಡಿ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ನುಂಗಿದರೆ ಗಂಟಲು ನೋವು, ಕಣ್ಣು ಮಂಜಾಗುವುದು, ಇವೆಲ್ಲ ಮುಂದಿನ ತಾರೀಖಿನವರೆಗೆ ಕಾಯುವಂಥವಲ್ಲ. ಹುಬ್ಬಳ್ಳಿಯ ಕಿಮ್ಸ್ (ಈಗಿನ ಕೆಎಂಸಿಆರ್‌ಐ) ಆಸ್ಪತ್ರೆಗೋ ನಿಮ್ಮ ಜಿಲ್ಲಾ ಆಸ್ಪತ್ರೆಗೋ ಅಂದೇ ಹೋಗಿ, ನುಂಗುತ್ತಿರುವ ಎಲ್ಲ ಗುಳಿಗೆಗಳನ್ನೂ ಚೀಲದ ಸಮೇತ ವೈದ್ಯರ ಮುಂದಿಡಿ.