ಮಣ್ಣಲ್ಲಿ ಸಿಕ್ಕ ರೋಮನ್ ಬ್ರೋಚ್: ಕಾಲ ಗುರುತಿಸುವುದು ಹೇಗೆ?

ಸೆರಗಿಗೆ ಚುಚ್ಚುವ ಸೇಫ್ಟಿ ಪಿನ್ನನ್ನೇ ನೆನಪಿಸಿಕೊಳ್ಳಿ. ರೋಮನ್ನರ ಕಾಲದ ಬ್ರಿಟನ್ನಿನಲ್ಲಿ ಮೇಲುಹೊದಿಕೆ ಜಾರದಂತೆ ಹಿಡಿಯುತ್ತಿದ್ದ ಬ್ರೋಚಿನ ಉಪಾಯವೂ ಅದೇ. ಇಂಗ್ಲೆಂಡಿನ ಉತ್ತ ಹೊಲಗಳಲ್ಲಿ, ಮಾಲೀಕರ ಒಪ್ಪಿಗೆ ಪಡೆದು ಮೆಟಲ್ ಡಿಟೆಕ್ಟರ್ ಹಿಡಿದು ಓಡಾಡುವವರಿಗೆ ಇವು ಆಗಾಗ ಸಿಗುತ್ತವೆ.

ಸಿಕ್ಕ ಕೂಡಲೇ ಜಿಪಿಎಸ್‌ನಲ್ಲಿ ಜಾಗ ಗುರುತು ಹಾಕಿಕೊಳ್ಳಿ. ದಯವಿಟ್ಟು ಉಜ್ಜಿ ತೊಳೆಯಬೇಡಿ. ಹಸಿರುಗಟ್ಟಿದ ಪದರದ ಜೊತೆಗೆ ತವರದ ಲೇಪ, ಎನಾಮಲ್ ಬಣ್ಣ ಎಲ್ಲವೂ ಎದ್ದುಹೋಗುತ್ತವೆ. ಕಾಲ ಹೇಳುವ ಸಾಕ್ಷಿಗಳೇ ಅವು.

ಈಗ ಮಗುಚಿ ನೋಡಿ. ಸೂಜಿ ಬಹುಪಾಲು ಮುರಿದಿರುತ್ತದೆ, ಚಿಂತೆಯಿಲ್ಲ. ಅದು ತಲೆಗೆ, ಅಂದರೆ ಸೂಜಿ ಕೂಡುವ ತುದಿಗೆ, ಕೂಡಿಕೊಂಡಿದ್ದ ಬಗೆ ಮುಖ್ಯ. ಎದುರು ತುದಿಯೇ ಪಾದ. ಸ್ಪ್ರಿಂಗಿನ ಸುರುಳಿಯೂ ಮೈಯೂ ಒಂದೇ ತುಂಡಾಗಿದ್ದು, ಸುರುಳಿಯ ತಂತಿಯನ್ನು ತಲೆಯ ಪುಟ್ಟ ಕೊಕ್ಕೆ ಹಿಡಿದಿದ್ದರೆ ಅದು ಕೋಲ್ಚೆಸ್ಟರ್ ಮಾದರಿ, ಕ್ರಿ.ಶ. 1ನೇ ಶತಮಾನದ ಮೊದಲರ್ಧದ್ದು. ಸ್ಪ್ರಿಂಗನ್ನು ಬೇರೆಯಾಗಿ ಮಾಡಿ ಜೋಡಿಸಿದ್ದರೆ ಸಾಮಾನ್ಯವಾಗಿ ಅದರ ನಂತರದ ಪೀಳಿಗೆ.

ಸ್ಪ್ರಿಂಗಿನ ಬದಲು ಬಾಗಿಲಿನಂತೆ ಕೀಲು ಇದೆಯೇ? ಮೈ ಕಮಾನಿನಂತೆ ಬಾಗಿ, ಪಾದದ ತುದಿಯಲ್ಲಿ ಗುಂಡು ಇದ್ದರೆ ಔಕಿಸ್ಸಾ ಮಾದರಿ. ಕೆಲವುಗಳ ತಲೆಯ ಮೇಲೆ ‘ಔಕಿಸ್ಸಾ’ ಎಂಬ ತಯಾರಕನ ಹೆಸರೇ ಅಚ್ಚಾಗಿರುತ್ತದೆ! ಕ್ರಿ.ಶ. 43ರಲ್ಲಿ ದಂಡೆತ್ತಿ ಬಂದ ಸೈನ್ಯದೊಂದಿಗೆ ಬ್ರಿಟನ್ನಿನಲ್ಲಿ ಹರಡಿದ ಮಾದರಿಯಿದು. ಅಂಗೈಯಲ್ಲಿಟ್ಟು ಆ ಅಕ್ಷರಗಳನ್ನು ಓದುವಾಗ ಮೈ ಜುಮ್ಮೆನ್ನದಿದ್ದರೆ ಹೇಗೆ?

ತಲೆ ತುತ್ತೂರಿಯ ಬಾಯಿಯಂತೆ ಅರಳಿದ್ದರೆ 1ನೇ ಶತಮಾನದ ಕೊನೆಯಿಂದ 2ನೇ ಶತಮಾನದೊಳಗೆ. ಎನಾಮಲ್ ತುಂಬಿದ ಚಪ್ಪಟೆ ಪ್ರಾಣಿಗಳು, ಕುದುರೆ ಸವಾರರು ಹೆಚ್ಚಾಗಿ 2ನೇ ಶತಮಾನದವು. ಈರುಳ್ಳಿಯಂಥ ಮೂರು ಗುಂಡುಗಳಿರುವ, ಅಡ್ಡಬಿಲ್ಲಿನ ಆಕಾರದ ಭಾರಿ ‘ಕ್ರಾಸ್‌ಬೋ’ ಬ್ರೋಚ್ 4ನೇ ಶತಮಾನದ ಅಧಿಕಾರಿಯ ಗುರುತು. ಇಟಲಿಯ ಮೊಂಜಾ ಕೆಥೆಡ್ರಲ್‌ನಲ್ಲಿರುವ ದಂತದ ಕೆತ್ತನೆಯಲ್ಲಿ ಸೇನಾಪತಿ ಸ್ಟಿಲಿಕೊ ಇದನ್ನು ಬಲಭುಜಕ್ಕೆ, ಪಾದ ಮೇಲಾಗಿ ಧರಿಸಿದ್ದಾನೆ.

ಮಾದರಿ ಹೇಳುವುದು ತಯಾರಾದ ಕಾಲವನ್ನು. ಅಜ್ಜಿಯದನ್ನು ಮೊಮ್ಮಗಳು ತೊಟ್ಟು ಕಳೆದುಕೊಂಡಿರಬಹುದು. ಅದಕ್ಕೇ ಸುತ್ತ ಬಿದ್ದ ಮಡಕೆ ಚೂರು, ನಾಣ್ಯಗಳನ್ನೂ ಗಮನಿಸಿ.

ಕೊನೆಗೆ, ಜನರಿಗೆ ಸಿಕ್ಕ ಹಳೆಯ ವಸ್ತುಗಳನ್ನು ದಾಖಲಿಸಲು 1997ರಲ್ಲಿ ಶುರುವಾದ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮಿನ ಸ್ಥಳೀಯ ಅಧಿಕಾರಿಗೆ ತೋರಿಸಿ ದಾಖಲಿಸಿ. ಚಿನ್ನ, ಬೆಳ್ಳಿಯದಾದರೆ 14 ದಿನದೊಳಗೆ ತಿಳಿಸುವುದು ಕಾನೂನು. ಬ್ರೋಚಿಟ್ಟ ಪೊಟ್ಟಣದ ಮೇಲೆ ಸಿಕ್ಕ ಜಾಗದ ಅಂಕಿಗಳನ್ನು ಬರೆದೇ ಒಯ್ಯಿರಿ.