ನಳ್ಳಿ ಬಂತು, ನೀರು ಬಂತಾ? ಯೋಜನೆಯ ಫಲ ಅಳೆಯುವುದು ಹೀಗೆ

ಇಷ್ಟು ನಳ್ಳಿ ಹಾಕಿದ್ದೇವೆ, ಇಷ್ಟು ಖರ್ಚಾಗಿದೆ ಎಂದು ವರದಿಯಲ್ಲಿರುತ್ತದೆ. ಅದು ಕೆಲಸದ ಲೆಕ್ಕ. ಆ ಮನೆಯವರ ಕಷ್ಟ ಕಡಿಮೆಯಾಯಿತಾ ಎಂಬುದು ಬೇರೆಯದೇ ಲೆಕ್ಕ. ಉಡುಪಿ ಕಡೆಯ ಯಾವ ಸ್ವಸಹಾಯ ಸಂಘ ಬೇಕಾದರೂ ಈ ಎರಡನೇ ಲೆಕ್ಕವನ್ನು ತನ್ನ ವಾರ್ಡಿನಲ್ಲಿ ಮಾಡಬಹುದು.

ಮೊದಲು ಏನು ಕೇಳಬೇಕೆಂದು ಗೊತ್ತುಮಾಡಿಕೊಳ್ಳಿ. ನೀತಿ ಆಯೋಗದ ಬಹು ಆಯಾಮದ ಬಡತನ ಸೂಚ್ಯಂಕ ಆದಾಯ ಕೇಳುವುದೇ ಇಲ್ಲ. ಪೌಷ್ಟಿಕತೆ, ಶಾಲೆ, ಅಡುಗೆ ಇಂಧನ, ಶೌಚಾಲಯ, ಕುಡಿಯುವ ನೀರು ಹೀಗೆ 12 ಅಂಶ ನೋಡುತ್ತದೆ. ಅದರ ಪ್ರಕಾರ ದೇಶದ ಬಡವರ ಪ್ರಮಾಣ 2015-16ರಲ್ಲಿ ಶೇ 24.85 ಇದ್ದದ್ದು 2019-21ಕ್ಕೆ ಶೇ 14.96ಕ್ಕೆ ಇಳಿದಿದೆ. ಒಳ್ಳೆಯ ಸುದ್ದಿಯೇ. ಆದರೆ ಇಂಥ ಸರಾಸರಿಯಲ್ಲಿ ಗುಡ್ಡೆ ಮೇಲಿನ ನಾಲ್ಕು ಮನೆ ಕಾಣುವುದಿಲ್ಲ, ಅಲ್ವಾ?

ಹಾಗಾಗಿ ಮನೆಗಳನ್ನು ಕಣ್ಣಂದಾಜಿನಲ್ಲಿ ಆರಿಸಬೇಡಿ. ವಾರ್ಡಿನ ಪಟ್ಟಿ ಹಿಡಿದು ಪ್ರತಿ ಹತ್ತನೇ ಮನೆಗೆ ಹೋಗಿ. ರಿಕ್ಷಾ ಹೋಗದ ಮನೆಯನ್ನಂತೂ ಬಿಡಲೇಬೇಡಿ.

ಹೋಗುವ ತಿಂಗಳು ಬಹಳ ಮುಖ್ಯ. ಆಗಸ್ಟಿನಲ್ಲಿ ಎಲ್ಲರ ಬಾವಿಯೂ ತುಂಬಿರುತ್ತದೆ, ಎಲ್ಲ ಯೋಜನೆಯೂ ಗೆದ್ದಂತೆ ಕಾಣುತ್ತದೆ. ಮೇ ತಿಂಗಳಲ್ಲಿ ಹೋಗಿ. ಹಳ್ಳಿಯ ಮನೆಮನೆಗೆ ನಳ್ಳಿ ನೀರು ಕೊಡುವ ಕೇಂದ್ರದ ಯೋಜನೆ ಜಲ ಜೀವನ್ ಮಿಷನ್ ಒಬ್ಬರಿಗೆ ದಿನಕ್ಕೆ 55 ಲೀಟರ್ ಎನ್ನುತ್ತದೆ, ಅಂದರೆ ಐದು ಜನರ ಮನೆಗೆ 275. ನಳ್ಳಿ ಕೆಳಗೆ 20 ಲೀಟರಿನ ಬಕೆಟ್ ಇಡಿ, ಗಡಿಯಾರ ನೋಡಿ. ತುಂಬಲು ಐದು ನಿಮಿಷ ಬೇಕು, ನೀರು ಬಿಡುವುದು ದಿನಕ್ಕೆ ಒಂದೇ ಗಂಟೆ ಎಂದಾದರೆ ಸಿಗುವುದು 240 ಲೀಟರ್. ದಾಖಲೆಯಲ್ಲಿ ನಳ್ಳಿ ಇದೆ, ಮನೆಯಲ್ಲಿ ಎರಡು ಕೊಡ ನೀರು ಕಡಿಮೆ. ಅದನ್ನು ಯಾರು, ಎಲ್ಲಿಂದ ಹೊತ್ತು ತರುತ್ತಾರೆ? ಅದನ್ನೂ ಬರೆದುಕೊಳ್ಳಿ.

ಬೀಡಿ ಕಟ್ಟುವವರಿಗೆ ‘ತಿಂಗಳ ಆದಾಯ ಎಷ್ಟು’ ಎಂದರೆ ಸುಮ್ನೆ ಒಂದು ಅಂದಾಜು ಹೇಳುತ್ತಾರೆ. ‘ಅಕ್ಕ, ಹೋದ ವಾರ ಎಷ್ಟು ಬೀಡಿ ಕೊಟ್ಟಿರಿ? ಎಷ್ಟು ದಿನ ಎಲೆ ಸಿಗಲಿಲ್ಲ?’ ಎಂದು ಕೇಳಿ. ನೀರಿಗೆ ಅಲೆಯುವ ಹೊತ್ತು ಉಳಿದು ಹೆಚ್ಚು ಬೀಡಿ ಕಟ್ಟಿದ್ದರೆ ಅದು ಇಲ್ಲಿ ಗೊತ್ತಾಗುತ್ತದೆ.

ಯೋಜನೆ ಇನ್ನೂ ಬಾರದ ಪಕ್ಕದ ವಾರ್ಡಿನಲ್ಲೂ ಇದೇ ಪ್ರಶ್ನೆ ಕೇಳಿ. ಅಲ್ಲೂ ಅಷ್ಟೇ ಸುಧಾರಿಸಿದ್ದರೆ ಕಾರಣ ನಳ್ಳಿಯಲ್ಲ, ಒಳ್ಳೆಯ ಮಳೆಯೋ ಮುಂಬೈಯಿಂದ ಬರುವ ಮಗನ ಹಣವೋ ಇರಬಹುದು. ಬಹಳಷ್ಟು ವರದಿಗಳು ಈ ಹೋಲಿಕೆ ಮಾಡುವುದೇ ಇಲ್ಲ. ನನಗೆ ಇದೇ ದೊಡ್ಡ ಕೊರತೆ ಅನಿಸುತ್ತದೆ.

ಲೆಕ್ಕವನ್ನು ಮನೆಯವರ ಹೆಸರಿಲ್ಲದೆ ಒಂದೇ ಪುಟದಲ್ಲಿ ಬರೆದು ಗ್ರಾಮಸಭೆಯಲ್ಲಿ ಓದಿ, ನಡಾವಳಿಯಲ್ಲಿ ದಾಖಲಿಸಲು ಕೇಳಿ. ಮುಂದಿನ ಮೇ ತಿಂಗಳಲ್ಲಿ ಅವೇ ಮನೆಗಳಿಗೆ ಅದೇ ಬಕೆಟ್ ಹಿಡಿದು ಹೋಗಿ.